ವಿರಾಮದ ಆಚೆ

ಅರಸೀಕೆರೆಯ ಕಲ್ಲೇಶ್ವರ ಟಾಕೀಸಿನ ಸೈಕಲ್ ಸ್ಟ್ಯಾಂಡು
ಅಪ್ಪನ ಹೆಸರಿಗಿತ್ತು. ಸಿನಿಮಾ ಅಂದರೆ ಅವನಿಗೆ
ಎಷ್ಟು ಅಟ್ಲಾಸು, ಎಷ್ಟು ಹರ್ಕ್ಯುಲಿಸು,
ಯಾವುದಕ್ಕೆ ಬೀಗವಿಲ್ಲ, ಯಾವುದರ ಚೈನು ಸಡಿಲ.
ನೂರು ದಾಟಿದರೆ ಒಳ್ಳೆಯ ಚಿತ್ರ.
ಇಂಟರ್‌ವಲ್ಲಿಗೇ ಹತ್ತು ಸೈಕಲ್ಲು ಹೊರಟರೆ
"ಕಥೆ ಕೆಟ್ಟೈತೆ" ಅನ್ನುತ್ತಿದ್ದ
ಒಂದು ದಿನವೂ ಒಳಗೆ ಕಾಲಿಡದೆ.

ನನ್ನದು ಸೀಮೆಸುಣ್ಣದ ಕೆಲಸ.
ಸೀಟಿನ ಮೇಲೊಂದು ಅಂಕಿ, ಕೈಗೊಂದು ತಗಡಿನ ಬಿಲ್ಲೆ.
ನಾನು ಬರೆದ ಆರು, ಆಚೆಯಿಂದ ನೋಡಿದವನಿಗೆ ಒಂಬತ್ತಾಗಿ
ಗ್ಯಾಂಗ್‌ಮನ್ನಿನ ಸೈಕಲ್ಲೊಂದು
ಬಾಣಾವರದವರೆಗೂ ಹೋಗಿ ಬಂತು.

ವಿರಾಮ ಮುಗಿದ ಬೆಲ್ಲು ಹೊಡೆದು,
ಕಡಲೆಕಾಯಿ ಸಿಪ್ಪೆ ತುಳಿಯುತ್ತ ಜನ ಒಳಹೋದ ಮೇಲೆ
ಅಪ್ಪ ಗೇಟಿನ ಕಡೆ ಗದ್ದ ಎತ್ತುತ್ತಿದ್ದ.
ದಸ್ತಗೀರ್ ಸಾಬರು ಕರೀ ಪರದೆಯನ್ನು
ಒಂದು ಬೆಕ್ಕು ತೂರುವಷ್ಟು ಸರಿಸುತ್ತಿದ್ದರು.
ತೂರುತ್ತಿದ್ದೆ.

ಶುರುವಾದದ್ದು ಹೀಗೆ. ಆರು ವರ್ಷ
ಎಲ್ಲ ಸಿನಿಮಾವೂ ನನಗೆ ನಡುವಿನಿಂದ.
ಅಷ್ಟರಲ್ಲಿ ಮದುವೆ ಮುರಿದಿರುತ್ತಿತ್ತು.
ಯಾರೋ ಸತ್ತು ಗೋಡೆಗೆ ಹೋಗಿರುತ್ತಿದ್ದರು, ಹಾರದ ಸಮೇತ.
ಅವಳು ಅಳುತ್ತಿದ್ದಳು; ನೆಲದಲ್ಲಿ ಕೂತು
ಯಾಕೆಂದು ತಿಳಿಯದೆ ನಾನೂ.
ಹೊರಗೆ ಗೂಡ್ಸು ಗಾಡಿ ಕೂಗಿಕೊಂಡು ಹೋದರೆ
ಅದೂ ಅವಳ ದುಃಖದ್ದೇ ಅಂದುಕೊಂಡಿದ್ದೆ.

ರಾತ್ರಿ, ಕೊಬ್ಬರಿ ಮಂಡಿಯಿಂದ ಬಂದ ಅವ್ವ
ಉಗುರಿನ ಸಂದಿಯ ಕರಟದ ಪುಡಿ ತೊಳೆಯುತ್ತ ಕೇಳುವಳು:
"ಅವಳು ಯಾಕಂತೆ ಅತ್ತಿದ್ದು?"
ನಾನೆಲ್ಲಿ ನೋಡಿದ್ದೆ. ಹುಟ್ಟಿಸಬೇಕಾಯಿತು.
ಒಬ್ಬಳಿಗೆ ಜಾತ್ರೆಯಲ್ಲಲ್ಲ, ಜಂಕ್ಷನ್ನಿನಲ್ಲಿ ಕಳೆದುಹೋದ ತಂಗಿ.
ಒಬ್ಬನಿಗೆ ತಿಪಟೂರಿನಲ್ಲಿ ಕೈಸಾಲ.
ವಿಲನ್ನನ್ನು ಚಿಕ್ಕಂದಿನಲ್ಲಿ ಯಾರೂ ಊಟಕ್ಕೆ ಕರೆಯಲಿಲ್ಲ ಅಂದಾಗ
ಅವ್ವ ಮುದ್ದೆ ಮುರಿಯುವುದನ್ನು ನಿಲ್ಲಿಸಿದಳು.
ಪೂರ್ತಿ ನೋಡಿ ಬಂದಿದ್ದ ಪಕ್ಕದ ಸಿದ್ದಗಂಗಮ್ಮ
"ಹಂಗಲ್ಲ ಕಣೇ" ಅಂತ ಬಾಯಿ ತೆರೆದರೆ
"ನಿಂದು ಇರ್ಲಿ ಬಿಡು, ಇವಳದ್ದೇ ಚೆನ್ನಾಗೈತೆ."

ಆಮೇಲೆ ಹಾಸನ, ಹಾಸ್ಟೆಲ್ಲು, ಬಾಲ್ಕನಿ.
ಮೊದಲ ಸಲ ಸೆನ್ಸಾರ್ ಪತ್ರದಿಂದ ನೋಡಿದೆ,
ದೇವರ ಫೋಟೋದಿಂದ, ಕೃತಜ್ಞತೆಗಳ ಉದ್ದ ಪಟ್ಟಿಯಿಂದ.
ಅವಳು ನಗುತ್ತಿದ್ದಳು! ಅಷ್ಟೊಂದು ಹಲ್ಲು.
ಮುಂದಿನ ಅಳುವಿಗೆಲ್ಲ ಕಾರಣ
ಕೈತಪ್ಪಿದ ಒಂದು ಕಾಗದ. ಇಷ್ಟೇನಾ?
ಸಿಟ್ಟು ಬಂತು. ಇದಕ್ಕಿಂತ ಒಳ್ಳೆಯದನ್ನು
ಹತ್ತು ವರ್ಷದವಳಿದ್ದಾಗಲೇ ಕೊಟ್ಟಿದ್ದೆನಲ್ಲ.
ಆದರೂ ಮರುವಾರ ಹೋದೆ. ಅದರ ಮರುವಾರ, ಊಟ ಬಿಟ್ಟು.
ಕಥೆ ಬಿಟ್ಟು ಬೇರೆ ನೋಡಲು ಕಲಿತೆ:
ಮಾತು ನಿಂತ ಮೇಲೂ ಮುಖ ಎಷ್ಟು ಹೊತ್ತು ಉಳಿಯಿತು,
ಅಳುವವಳನ್ನು ಬಿಟ್ಟು ಕ್ಯಾಮೆರಾ
ಯಾಕೆ ಸುಮ್ಮನೆ ಕಿಟಕಿಯ ಕಡೆ ತಿರುಗಿತು,
ನಾಚಿತೇನೋ.

ಟಾಕೀಸು ಮುಚ್ಚುವ ವಾರ ಅಪ್ಪನಿಗೊಂದು ಟಿಕೆಟ್ಟು ಕೊಂಡೆ.
ಸ್ಟ್ಯಾಂಡಿನಲ್ಲಿ ಮೂರೇ ಸೈಕಲ್ಲು.
ಕುತ್ತಿಗೆಯ ಗುಂಡಿ ಹಾಕಿಕೊಂಡ,
ಯಾರೋ ಬಂದು ಎಬ್ಬಿಸುತ್ತಾರೆಂಬಂತೆ ಕುರ್ಚಿಯ ತುದಿಗೆ ಕೂತ.
ಮೊದಲರ್ಧ ರೆಪ್ಪೆ ಬಡಿಯಲಿಲ್ಲ.
ತೆರೆಯ ಮೇಲೆ ವಿರಾಮ ಅಂತ ಬಂದದ್ದೇ ಎದ್ದ.
"ಎಲ್ಲಿಗಪ್ಪಾ?"
"ಈಗ ಗಾಡಿ ತೆಗೆಯೋರು ಇರ್ತಾರಲ್ಲ."
ಹೋದವನು ಬರಲಿಲ್ಲ.
ಪಕ್ಕದ ಕುರ್ಚಿಯಲ್ಲಿ ಅವನ ಟವೆಲ್ಲು ಸಿನಿಮಾ ನೋಡಿತು.

ಬಿಟ್ಟ ಮೇಲೆ, ಖಾಲಿ ಸ್ಟ್ಯಾಂಡಿನಲ್ಲಿ
ಆರಿದ ಬೀಡಿ ಹಿಡಿದು ನಿಂತಿದ್ದ.
"ಆ ಹುಡುಗಿ ಮನೆಗೆ ವಾಪಸ್ ಬಂದಳಾ?"

ಬಂದಿರಲಿಲ್ಲ.
ಗೂಡ್ಸು ಗಾಡಿ ದಾಟುವವರೆಗೂ ಸುಮ್ಮನಿದ್ದೆ,
ಆಮೇಲೆ "ಬಂದಳು" ಅಂತ ಶುರುಮಾಡಿದೆ.